ಬಿಲ್ಲಿ, ಎರಡು ಬೇಟೆನಾಯಿ ಮತ್ತು ಕೊನೆಯ ಅಧ್ಯಾಯ: ಮಗಳಿಗೆ ಮೊದಲೇ ಹೇಳಿಬಿಡಲೇ?

ಡಲ್ಲಾಸ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಐದನೆಯ ತರಗತಿಯಲ್ಲಿದ್ದಾಳೆ. ಅವರ ತರಗತಿಯಲ್ಲಿ ಈಗ ವಿಲ್ಸನ್ ರಾಲ್ಸ್ ಅವರ ‘ವೇರ್ ದ ರೆಡ್ ಫರ್ನ್ ಗ್ರೋಸ್’ ಓದಿಸುತ್ತಿದ್ದಾರೆ. 1961ರ ಕಾದಂಬರಿ. ಓಕ್ಲಹೋಮದ ಒಝಾರ್ಕ್ ಬೆಟ್ಟಸಾಲಿನಲ್ಲಿರುವ ಬಡ ರೈತನ ಮಗ ಬಿಲ್ಲಿ ಕೋಲ್ಮನ್, ಅವನ ಓಲ್ಡ್ ಡ್ಯಾನ್ ಮತ್ತು ಲಿಟಲ್ ಆ್ಯನ್ ಎಂಬ ಎರಡು ಬೇಟೆನಾಯಿಗಳು, ರಾತ್ರಿಯ ರಕೂನ್ ಬೇಟೆ. ಇಲ್ಲಿಯೇ ಹುಟ್ಟಿ ಬೆಳೆದ ಸಹೋದ್ಯೋಗಿಗಳ ಮುಂದೆ ಪುಸ್ತಕದ ಹೆಸರು ಎತ್ತಿದರೆ ಸಾಕು, ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಶಾಲೆಯಲ್ಲಿ ಇದನ್ನು ಓದಿ ಅತ್ತವರೇ ಎಲ್ಲ.

ಅವಳು ಮಲಗಿದ ಮೇಲೆ ಕುಳಿತು ನಾನು ಪೂರ್ತಿ ಓದಿದೆ. ಕೊನೆ ಏನಾಗುತ್ತದೆಂದು ಈಗ ಗೊತ್ತು. ಅವಳಿನ್ನೂ ದೊಡ್ಡ ಸಿಕಮೋರ್ ಮರ ಕಡಿಯುವ ಅಧ್ಯಾಯದಲ್ಲಿದ್ದಾಳೆ. ನಾಯಿಗಳು ಸಾಯುತ್ತವೆ ಎಂದು ಮೊದಲೇ ಹೇಳಿಬಿಡು, ಮನಸ್ಸು ಗಟ್ಟಿಮಾಡಿಕೊಳ್ಳಲಿ ಎನ್ನುವುದು ನನ್ನ ಗಂಡನ ವಾದ. ನನಗೆ ಮನಸ್ಸಿಲ್ಲ.

ಇನ್ನೊಂದು ತಲೆನೋವು ಬೇರೆಯೇ. ಶಿವಮೊಗ್ಗದಿಂದ ನಮ್ಮ ಮಾವನವರು ಬಂದಿದ್ದಾರೆ. ಸಂಜೆ ಮೊಮ್ಮಗಳು ಗಟ್ಟಿಯಾಗಿ ಓದುತ್ತಾಳೆ, ನಡುನಡುವೆ ಕನ್ನಡದಲ್ಲಿ ಅವರಿಗೆ ಕಥೆ ಹೇಳುತ್ತಾಳೆ. ರಾತ್ರಿ ನಮ್ಮ ಕಸದ ಡಬ್ಬಿ ಉರುಳಿಸಿ ಹೋಗುವ, ಬಾಲಕ್ಕೆ ಬಳೆ ತೊಟ್ಟಂತಿರುವ ಪ್ರಾಣಿಯೇ ರಕೂನ್ ಎಂದು ತಿಳಿದಾಗಿನಿಂದ ಅವರದು ಒಂದೇ ಪ್ರಶ್ನೆ: ಬರೀ ಚರ್ಮಕ್ಕಾಗಿ ಅದನ್ನು ಕೊಲ್ಲುವ ಕಥೆಯನ್ನು ಮಕ್ಕಳಿಗೆ ಪಾಠ ಮಾಡುತ್ತಾರೆಯೇ? ಉತ್ತರ ಕೊಡಲು ನನಗೂ ಆಗುತ್ತಿಲ್ಲ.

ಓದಿದವರು, ಮಕ್ಕಳಿಗೆ ಓದಿಸಿದವರು ಸಲಹೆ ಕೊಡಿ. ಕಥೆಯ ಕೊನೆಯವರೆಗೂ ಇಲ್ಲಿ ಮಾತು ಬರುತ್ತದೆ. ಓದಬೇಕೆಂದಿರುವವರು ಈಗಲೇ ಹಿಂದಿರುಗುವುದು ಒಳ್ಳೆಯದು.

ನಿವೃತ್ತ ಮೇಷ್ಟ್ರು:

ಹೇಳಬೇಡಿ ತಾಯಿ. ಹೇಳುವ ಅಗತ್ಯವೂ ಇಲ್ಲ, ಲೇಖಕರೇ ಹೇಳಿಬಿಟ್ಟಿದ್ದಾರೆ. ಮೊದಲ ಅಧ್ಯಾಯವನ್ನು ಇನ್ನೊಮ್ಮೆ ತೆಗೆದು ನೋಡಿ. ಬಿಲ್ಲಿ ಆಗಲೇ ವಯಸ್ಸಾದವನು, ಬೇರೆ ಊರಿನಲ್ಲಿದ್ದಾನೆ. ಬೀದಿಯಲ್ಲಿ ನಾಯಿಗಳ ಹಿಂಡು ಒಂದು ಬಡಕಲು ಬೇಟೆನಾಯಿಯ ಮೇಲೆ ಬಿದ್ದಿರುತ್ತದೆ. ಅದನ್ನು ಬಿಡಿಸಿ, ಮನೆಗೆ ತಂದು, ಉಣಿಸಿ ಕಳುಹಿಸುತ್ತಾನೆ. ಆ ರಾತ್ರಿ ಬೆಂಕಿಗೂಡಿನ ಮೇಲಿರುವ ಎರಡು ಬಟ್ಟಲುಗಳನ್ನು, ಒಂದು ಚಿನ್ನದ್ದು, ಒಂದು ಬೆಳ್ಳಿಯದು, ನೋಡುತ್ತಾ ಕುಳಿತವನಿಗೆ ಹಳೆಯದೆಲ್ಲ ನೆನಪಾಗುತ್ತದೆ. ಬಟ್ಟಲುಗಳಿವೆ, ನಾಯಿಗಳಿಲ್ಲ. ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗಿರುತ್ತದೆ. ಬಾಯಿಬಿಟ್ಟು ಹೇಳಿರುವುದಿಲ್ಲ, ಅಷ್ಟೇ.

ಇನ್ನು ಆ ಕಾಯುವಿಕೆಯ ಅಧ್ಯಾಯಗಳು. ಹುಡುಗನಿಗೆ ಬೇಕಿರುವುದು ಒಂದಲ್ಲ, ಎರಡು ನಾಯಿ. ಅಪ್ಪನ ಹತ್ತಿರ ಕಾಸಿಲ್ಲ. ಮೀನು ಹಿಡಿಯಲು ಬಂದವರು ಬಿಟ್ಟುಹೋದ ಪತ್ರಿಕೆಯೊಂದರಲ್ಲಿ ಕೆಂಟಕಿಯ ನಾಯಿ ಸಾಕಣೆದಾರರ ಜಾಹೀರಾತು ಸಿಗುತ್ತದೆ: ರೆಡ್‌ಬೋನ್ ತಳಿ, ಒಂದಕ್ಕೆ 25 ಡಾಲರ್. ಬೇಕಿಂಗ್ ಪೌಡರಿನ ಖಾಲಿ ಡಬ್ಬಿಯಲ್ಲಿ ಎರಡು ವರ್ಷ ಚಿಲ್ಲರೆ ಕೂಡಿಡುತ್ತಾನೆ. ಗಾಳ ಹಾಕುವವರಿಗೆ ಸಣ್ಣ ಮೀನು, ಸಿಗಡಿಯಂಥ ಹುಳ, ತರಕಾರಿ, ಕಾಡಿನ ಹಣ್ಣು, ಉರುಲಿಗೆ ಬಿದ್ದ ಸಣ್ಣ ಪ್ರಾಣಿಗಳ ಚರ್ಮ ಎಲ್ಲವನ್ನೂ ಮಾರುತ್ತಾನೆ. 50 ಡಾಲರ್ ತುಂಬಿದ ದಿನ ಅಜ್ಜನ ಅಂಗಡಿಯ ಕಟ್ಟೆಯ ಮೇಲೆ ಡಬ್ಬಿ ಸುರಿದಾಗ ಮುದುಕನ ಕಣ್ಣು ತುಂಬುತ್ತದೆ. ಅಷ್ಟು ಪುಟ ಜೊತೆಯಲ್ಲಿ ಕಾದ ಮಗುವಿಗೆ ಕೊನೆಯನ್ನೂ ತಾನೇ ಮುಟ್ಟುವ ಹಕ್ಕಿದೆ.

ಒಗ್ಗರಣೆ:

ಅಮೆರಿಕದ ಮಕ್ಕಳು ಐದನೆಯ ತರಗತಿಯಲ್ಲಿ ಅಳುತ್ತಾರೆ. ನಮ್ಮನ್ನು ಗೋವಿನ ಹಾಡು ಹೇಳಿಸಿ ಒಂದನೆಯ ತರಗತಿಗೂ ಮೊದಲೇ ಅಳಿಸಿದ್ದರು. ಹುಲಿ ಹಾರಿ ಪ್ರಾಣ ಬಿಟ್ಟದ್ದಕ್ಕೆ ನಮಗೇನೂ ಆಗಲಿಲ್ಲ, ನಿಮ್ಮ ಮಗಳಿಗೂ ಆಗುವುದಿಲ್ಲ.

ನಿವೃತ್ತ ಮೇಷ್ಟ್ರು:

ಒಗ್ಗರಣೆಯವರೇ, ಎರಡೂ ಒಂದೇ ಅಲ್ಲ. ಅಲ್ಲಿ ಹುಲಿ ಪಶ್ಚಾತ್ತಾಪದಿಂದ ಸಾಯುತ್ತದೆ. ಸತ್ಯ ಗೆದ್ದಿತೆಂಬ ಸಮಾಧಾನ ಅಳುವ ಮಗುವಿಗೂ ಸಿಗುತ್ತದೆ. ಇಲ್ಲಿ ತಪ್ಪು ಯಾರದೂ ಅಲ್ಲ. ಬೆಟ್ಟದ ಸಿಂಹ, ಅಂದರೆ ಅಲ್ಲಿನ ಪ್ಯೂಮಾ, ಬಿಲ್ಲಿಯ ಮೇಲೆ ಎರಗುತ್ತದೆ. ನಾಯಿಗಳು ಅಡ್ಡ ನಿಲ್ಲುತ್ತವೆ. ಡ್ಯಾನ್ ಗಾಯದಿಂದ ಸಾಯುತ್ತಾನೆ. ಕೆಲವು ದಿನಗಳ ಮೇಲೆ ಆ್ಯನ್ ಕೂಳು ನೀರು ಬಿಟ್ಟು, ತೆವಳಿಕೊಂಡು ಹೋಗಿ, ಅವನ ಗೋರಿಯ ಮೇಲೆ ಪ್ರಾಣ ಬಿಡುತ್ತಾಳೆ. ಯಾರನ್ನು ಬೈಯುವುದು? ಮಕ್ಕಳಿಗೆ ಕಷ್ಟವಾಗುವುದು ಅದೇ.

ಹಸಿರುಬಾಗಿಲು:

ನಾನು ನಿಮ್ಮ ಮಾವನವರ ಪಕ್ಷ. ನಾಯಿ ಸತ್ತರೆ ಅಳುವ ಪುಸ್ತಕ ರಕೂನ್ ಸತ್ತಾಗ ಲೆಕ್ಕ ಬರೆಯುತ್ತದೆ. ಮೊದಲ ರಕೂನನ್ನು ಹಿಡಿಯುವ ರೀತಿಯನ್ನೇ ನೋಡಿ. ಮರದ ದಿಮ್ಮಿಗೆ ಬೈರಿಗೆಯಿಂದ ತೂತು ಕೊರೆದು, ತಳದಲ್ಲಿ ಹೊಳೆಯುವ ತಗಡಿನ ಚೂರು ಹಾಕಿ, ಬಾಯಿಗೆ ಓರೆಯಾಗಿ ಮೊಳೆ ಹೊಡೆಯುವುದು. ಪ್ರಾಣಿ ಒಳಗೆ ಕೈ ಹಾಕಿ ತಗಡನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಮುಷ್ಟಿ ಹೊರಗೆ ಬರುವುದಿಲ್ಲ, ಬಿಟ್ಟು ಓಡುವ ಬುದ್ಧಿಯೂ ಅದಕ್ಕಿಲ್ಲ. ನಮ್ಮಲ್ಲಿ ಕಿರಿಬಾಯಿಯ ಮಡಕೆಗೆ ಕಡಲೆಕಾಯಿ ಹಾಕಿ ಕೋತಿ ಹಿಡಿಯುತ್ತಿದ್ದ ಹಾಗೆಯೇ. ಆಮೇಲೆ ದೊಣ್ಣೆಯಿಂದ ಹೊಡೆದು ಕೊಲ್ಲುವುದು. ಅದಾದ ಮೇಲೆ ನದಿಯಂಚಿನ ಅತಿ ದೊಡ್ಡ ಮರವನ್ನು ಒಂದೇ ಒಂದು ರಕೂನಿಗಾಗಿ ಉರುಳಿಸುವುದು. ಹಠವನ್ನು ಗುಣವೆಂದು ಹೊಗಳುವ ಅಧ್ಯಾಯ ಅದು. ನನಗೆ ಆ ಮರದ ಮೇಲೆಯೇ ಕನಿಕರ.

ಮುಧೋಳಿಗ:

ಹಸಿರುಬಾಗಿಲು ಅವರು ಅರ್ಧ ಬಿಟ್ಟಿದ್ದಾರೆ. ಆ ತಗಡಿನ ಉಪಾಯ ಹೇಳಿಕೊಟ್ಟವನು ಅಜ್ಜ. ಆದರೆ ನಾಯಿಮರಿಗಳಿಗೆ ವಾಸನೆ ಕಲಿಸಲು ಒಂದು ಚರ್ಮ ಸಿಕ್ಕಿದ ಕೂಡಲೇ ಮೊಳೆಗಳನ್ನೆಲ್ಲ ಕೀಳು ಎಂದು ಅಪ್ಪ ಹೇಳುತ್ತಾನೆ. ತಪ್ಪಿಸಿಕೊಳ್ಳಲು ಅವಕಾಶವೇ ಇಲ್ಲದ ಬೇಟೆ ಬೇಟೆಯಲ್ಲ ಎಂಬುದು ಅವನ ನ್ಯಾಯ. ಒಂದೇ ಮನೆಯಲ್ಲಿ ಅಜ್ಜನ ಲೆಕ್ಕ ಬೇರೆ, ಅಪ್ಪನ ಲೆಕ್ಕ ಬೇರೆ. ಮಗಳೊಂದಿಗೆ ಮಾತನಾಡಲು ಅದು ಒಳ್ಳೆಯ ಜಾಗ.

ನಮ್ಮ ಕಡೆಯ ನಾಯಿಯನ್ನಷ್ಟೇ ಕಂಡವರಿಗೆ ಈ ಪುಸ್ತಕದ ಬೇಟೆ ಸುಲಭಕ್ಕೆ ಕಣ್ಣಿಗೆ ಕಟ್ಟುವುದಿಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಸಪೂರ ತಲೆ, ಉದ್ದ ಕಾಲು, ಒಳಕ್ಕೆ ಎಳೆದಂಥ ಹೊಟ್ಟೆ. ಬಯಲಿನಲ್ಲಿ ಮೊಲ ಎದ್ದರೆ ಕಂಡದ್ದನ್ನು ಓಡಿ ಹಿಡಿಯುತ್ತದೆ, ಬಾಯಿ ಬಿಡುವುದು ಕಡಿಮೆ. ರೆಡ್‌ಬೋನ್ ಮೂಗಿನ ತಳಿ. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಹೋದ ವಲಸಿಗರು ಜೊತೆಗೆ ಒಯ್ದ ನರಿಬೇಟೆಯ ನಾಯಿಗಳಿಂದ ಅಮೆರಿಕದ ದಕ್ಷಿಣದಲ್ಲಿ ಬೆಳೆಸಿದ್ದು. ಜೋಲು ಕಿವಿ, ಕೆಂಪು ಮೈ. ಕಗ್ಗತ್ತಲಿನ ಕಾಡಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ನಾಯಿ ಮುಂದೆ ಎಲ್ಲೋ ಓಡುತ್ತಿರುತ್ತದೆ, ಹುಡುಗ ಲಾಟೀನು ಹಿಡಿದು ಹಿಂದೆ ಬರುತ್ತಾನೆ. ಏನಾಗುತ್ತಿದೆ ಎಂದು ಅವನಿಗೆ ತಿಳಿಯುವುದು ಕಿವಿಯಿಂದ ಮಾತ್ರ. ಜಾಡಿನ ಮೇಲಿರುವಾಗ ಉದ್ದನೆಯ ಊಳು. ರಕೂನ್ ಮರ ಹತ್ತಿದ ಮೇಲೆ ಬುಡದಲ್ಲಿ ನಿಂತು ತುಂಡುತುಂಡಾಗಿ, ಬಿಡದೆ ಬೊಗಳು. ಇದಕ್ಕಾಗಿಯೇ ರಾಲ್ಸ್ ಆ ಎರಡು ನಾಯಿಗಳ ದನಿಯನ್ನು ಬೇರೆಬೇರೆಯಾಗಿ ವರ್ಣಿಸುತ್ತಾರೆ: ಡ್ಯಾನನದು ಗಡುಸು, ಆ್ಯನಳದು ಗಂಟೆಯಂತೆ ಸ್ಪಷ್ಟ. ಇಂದಿಗೂ ಅಮೆರಿಕದಲ್ಲಿ ಈ ನಾಯಿಗಳ ರಾತ್ರಿ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ರಕೂನನ್ನು ಕೊಲ್ಲುವುದಿಲ್ಲ. ತನ್ನ ನಾಯಿಯ ದನಿ ಗುರುತಿಸಿ, ಜಾಡು ಹಿಡಿದಿದೆ, ಮರಕ್ಕೆ ಹತ್ತಿಸಿದೆ ಎಂದು ಕೂಗಿದವನಿಗೆ ಅಂಕ ಕೊಡುತ್ತಾರೆ.

ರಕೂನ್ ಕೂಡ ಸಾಮಾನ್ಯದ್ದಲ್ಲ. ಹೊಳೆಗೆ ಇಳಿದು ಜಾಡು ಅಳಿಸುತ್ತದೆ, ಬೇಲಿಯ ಮೇಲೆ ನಡೆಯುತ್ತದೆ, ಒಂದು ಮರ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಡ್ಯಾನ್ ಗಟ್ಟಿಗ, ಬುದ್ಧಿ ಕಡಿಮೆ. ಈ ಮೋಸಗಳಿಗೆ ಬೀಳುತ್ತಾನೆ. ಬಿಡಿಸುವವಳು ಆ್ಯನ್. ಆಳಿಗಿಂತ ಅರಸಿ ಜಾಣೆ. ಇವಳಿಲ್ಲದೆ ಅವನು ಬೇಟೆಗೇ ಹೊರಡುವುದಿಲ್ಲ.

ಕಾಫಿತೋಟ:

ನಾನು ಕೊಡಗಿನವನು, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ರಿಯಾಯಿತಿ ಕೊಟ್ಟು ಓದಿ. ನಮ್ಮ ತಾತನ ಕಾಲದಲ್ಲಿ ಊರೊಟ್ಟಾಗಿ ನಾಯಿ ಕಟ್ಟಿಕೊಂಡು ಕಾಡುಹಂದಿಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿಯಿತು, ಮುಗಿದದ್ದು ಒಳ್ಳೆಯದೇ. ಆದರೆ ಆ ಮನೆಗಳಲ್ಲಿ ಬೆಳೆದವರು ಕ್ರೂರಿಗಳು ಎಂದರೆ ಒಪ್ಪುವುದಿಲ್ಲ. ಹಂದಿಯ ಕೋರೆಗೆ ಸಿಕ್ಕಿದ ನಾಯಿಯ ಹೊಟ್ಟೆಯನ್ನು ತಾತ ಸೂಜಿದಾರದಿಂದ ತಾನೇ ಹೊಲಿದು, ಎರಡು ರಾತ್ರಿ ಒಲೆಯ ಪಕ್ಕ ಮಲಗಿಸಿಕೊಂಡಿದ್ದರಂತೆ. ಬಿಲ್ಲಿಯ ಅಮ್ಮ ಡ್ಯಾನ್‌ಗೆ ಮಾಡುವುದೂ ಅದನ್ನೇ. ಹೊರಬಿದ್ದ ಕರುಳನ್ನು ತೊಳೆದು, ಒಳಗಿಟ್ಟು, ಹೊಲಿಯುತ್ತಾಳೆ. ಆ ಪುಟವನ್ನು ನಾನು ನಿಂತು ಓದಿದೆ.

ಚರ್ಮದ ಮಾತು. ಕಥೆ ನಡೆಯುವ ಕಾಲಕ್ಕೆ ಅಮೆರಿಕದ ಪೂರ್ವ ಭಾಗದ ಪಟ್ಟಣಗಳಲ್ಲಿ ರಕೂನ್ ತುಪ್ಪಳದ ಕೋಟು ಶೋಕಿಯಾಗಿತ್ತು, ಬೆಲೆ ಏರಿತ್ತು. ಬಿಲ್ಲಿ ಚರ್ಮವನ್ನು ಅಜ್ಜನ ಅಂಗಡಿಗೆ ಕೊಡುತ್ತಾನೆ, ಬಂದ ಹಣವನ್ನು ಅಪ್ಪನ ಕೈಗೆ ಹಾಕುತ್ತಾನೆ. ಕೊಲ್ಲುವವನು ಬೆಟ್ಟದ ಬಡ ಹುಡುಗ, ಕೋಟು ತೊಡುವವನು ಊರಿನ ಕಾಲೇಜು ಹುಡುಗ. ತಪ್ಪಿನ ಪಾಲು ಹಂಚುವುದಾದರೆ ಎರಡನೆಯವನಿಗೂ ಎಲೆ ಹಾಕಿ.

ಮರದ ವಿಷಯದಲ್ಲಿ ಮಾತ್ರ ಹಸಿರುಬಾಗಿಲು ಅವರು ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಆ ಮರ ಬಿಲ್ಲಿಗೂ ಪ್ರಿಯವಾದದ್ದು. ಒಂದು ರಕೂನನ್ನು ಮರ ಹತ್ತಿಸಿ, ಮಿಕ್ಕದ್ದು ನನಗೆ ಬಿಡಿ ಎಂದು ಮರಿಗಳಿಗೆ ಮಾತು ಕೊಟ್ಟಿರುತ್ತಾನೆ. ಅವು ಹತ್ತಿಸಿದ್ದು ಕಾಡಿನಲ್ಲೇ ದೊಡ್ಡದಾದ ಮರಕ್ಕೆ. ಕೈಯೆಲ್ಲ ಬೊಬ್ಬೆ. ಅಪ್ಪ ಸಹಾಯಕ್ಕೆ ಬಂದರೂ ಬೇಡವೆನ್ನುತ್ತಾನೆ. ರಾತ್ರಿ ರಕೂನ್ ಇಳಿದು ಓಡದಿರಲೆಂದು ಅಜ್ಜ ಬುಡದಲ್ಲಿ ಬೆರ್ಚಪ್ಪ ನಿಲ್ಲಿಸಿಕೊಡುತ್ತಾನೆ. ಕೊನೆಗೆ ಹುಡುಗನ ಕೈಲಾಗುವುದಿಲ್ಲ, ಪ್ರಾರ್ಥಿಸುತ್ತಾನೆ, ಗಾಳಿ ಎದ್ದು ಮರ ಬೀಳುತ್ತದೆ. ಆ ಗಾಳಿ ನನಗೆ ಸ್ವಲ್ಪ ಸುಲಭದ ಗಾಳಿ ಎನಿಸಿತು.

ಹಸಿರುಬಾಗಿಲು:

ಕೋಟಿನ ಮಾತು ನ್ಯಾಯವಾಗಿದೆ. ಆದರೂ ಹೇಳುತ್ತೇನೆ, ಇಡೀ ಪುಸ್ತಕದಲ್ಲಿ ಬಿಲ್ಲಿ ಮನಸಾರೆ ಜೀವ ಉಳಿಸಲು ನೋಡುವ ರಕೂನ್ ಒಂದೇ, ಯಾರ ಕೈಗೂ ಸಿಗದ ಆ ಮುದಿ ‘ದೆವ್ವ’. ಅದು ಸಿಕ್ಕಿಬಿದ್ದಾಗ ಕೊಲ್ಲಲು ಇವನಿಗೆ ಮನಸ್ಸು ಬರುವುದಿಲ್ಲ. ಅದರ ಹಿಂದೆಯೇ ಪುಸ್ತಕದ ಅತಿ ಕೆಟ್ಟ ಘಟನೆ ಬರುತ್ತದೆ. ಕರುಣೆ ತೋರಿಸಿದ ರಾತ್ರಿಯೇ ಹಾಗಾಗುವುದು ನನ್ನನ್ನು ಈಗಲೂ ಕಾಡುತ್ತದೆ.

ನಿವೃತ್ತ ಮೇಷ್ಟ್ರು:

ಸರಿಯಾದ ಜಾಗ ಮುಟ್ಟಿದಿರಿ. ಅಮ್ಮನವರೇ, ಮಗಳಿಗೆ ಮುನ್ಸೂಚನೆ ಕೊಡಲೇಬೇಕೆಂದಿದ್ದರೆ ಈ ಅಧ್ಯಾಯಕ್ಕೆ ಕೊಡಿ, ಕೊನೆಯದಕ್ಕಲ್ಲ.

ಪ್ರಿಚರ್ಡ್ ಮನೆಯ ಇಬ್ಬರು ಹುಡುಗರು, ದೊಡ್ಡವನು ರೂಬಿನ್, ಚಿಕ್ಕವನು ರೈನಿ. ಕಂಡದ್ದಕ್ಕೆಲ್ಲ ಪಂತ ಕಟ್ಟುವವರು. ಆ ದೆವ್ವದ ರಕೂನನ್ನು ನಿನ್ನ ನಾಯಿಗಳು ಹಿಡಿಯಲಾರವು ಎಂದು ಎರಡು ಡಾಲರಿನ ಪಂತ. ಬಿಲ್ಲಿ ಬೇಡವೆಂದರೂ ಅಜ್ಜನೇ ರೇಗಿ ತನ್ನ ಕೈಯಿಂದ ಹಣ ಕೊಟ್ಟು ಪಂತಕ್ಕೆ ಕಳುಹಿಸುತ್ತಾನೆ. ಕಾಡಿನಲ್ಲಿ ಜಗಳವಾಗುತ್ತದೆ, ನಾಯಿನಾಯಿ ಕಚ್ಚಾಡುತ್ತವೆ. ಬಿಲ್ಲಿಯ ನಾಯಿಗಳನ್ನು ಕಡಿಯಲು ರೂಬಿನ್ ಕೊಡಲಿ ಎತ್ತಿಕೊಂಡು ಓಡುತ್ತಾನೆ, ಮುಗ್ಗರಿಸಿ ಅದೇ ಕೊಡಲಿಯ ಮೇಲೆ ಬೀಳುತ್ತಾನೆ. ಹೊಟ್ಟೆಗೆ ನೆಟ್ಟ ಕೊಡಲಿಯನ್ನು ಎಳೆದು ತೆಗೆಯುವವನು ಬಿಲ್ಲಿ. ರೂಬಿನ್ ಅಲ್ಲೇ ಸಾಯುತ್ತಾನೆ.

ಶಾಲೆಯಲ್ಲಿ ನಾನು ಈ ಪುಸ್ತಕವನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದೆ. ನಾಯಿಗಳಿಗೆ ತರಗತಿ ಇಡೀ ಅತ್ತಿತು. ರೂಬಿನ್‌ಗೆ ಯಾರೂ ಅಳಲಿಲ್ಲ. ಅಳಲು ಪುಸ್ತಕವೇ ಬಿಡುವುದಿಲ್ಲ. ಪ್ರಿಚರ್ಡ್ ಮನೆಯವರು ಒರಟರು, ಊರಿನೊಂದಿಗೆ ಬೆರೆಯದವರು, ತಮ್ಮ ಮಗನನ್ನು ತಾವೇ ಹೂಳುತ್ತಾರೆ. ಬಿಲ್ಲಿ ಒಂದು ದಿನ ಹೂವು ತೆಗೆದುಕೊಂಡು ಗೋರಿಗೆ ಹೋಗಿ ಬರುತ್ತಾನೆ. ಒಂದು ಪುಟವೂ ಇಲ್ಲ. ಹಿಂದೆಯೇ ಬೇಟೆ ಸ್ಪರ್ಧೆಯ ಉತ್ಸಾಹ ಆರಂಭ. ಒಬ್ಬ ಹುಡುಗನ ಸಾವಿಗಿಂತ ನಾಯಿಯ ಸಾವಿಗೆ ಹೆಚ್ಚು ಪುಟ ಏಕೆ ಎಂದು ಮಕ್ಕಳನ್ನು ಕೇಳಬೇಕು. ಅವರು ಕೊಡುವ ಉತ್ತರ ನಮ್ಮ ಉತ್ತರಕ್ಕಿಂತ ನೇರವಾಗಿರುತ್ತದೆ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, ರೂಬಿನ್ ಕೆಟ್ಟವನಲ್ಲವೇ ಸಾರ್ ಎಂದ. ಆವತ್ತಿನ ಪಾಠ ಆ ಒಂದು ಮಾತಿನ ಮೇಲೆಯೇ ನಡೆಯಿತು.

ತುಲ್ಸಾ ತಿರುಗಾಟ:

ನಾನು ಇರುವುದು ತುಲ್ಸಾದಲ್ಲಿ. ಬಿಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ನಾಯಿಮರಿ ತಂದ ಟಾಲಕ್ವಾ ಊರಿಗೆ ಕಾರಿನಲ್ಲಿ ಹೋಗಿ ಬರುವುದು ಒಂದು ಬೆಳಗಿನ ಕೆಲಸ. ಅಲ್ಲಿ ವರ್ಷಕ್ಕೊಮ್ಮೆ ಈ ಕಾದಂಬರಿಯ ಹೆಸರಿನಲ್ಲಿ ಹಬ್ಬವನ್ನೂ ಮಾಡುತ್ತಾರೆ. ಪಕ್ಕದಲ್ಲಿ ಹರಿಯುವುದು ಇಲಿನಾಯ್ ನದಿ. ಶಿಕಾಗೋ ಕಡೆಯದಲ್ಲ, ಓಕ್ಲಹೋಮದ್ದೇ ಬೇರೆ. ಟಾಲಕ್ವಾದಿಂದ ಕೆಳಗೆ ಅದಕ್ಕೆ 1950ರ ದಶಕದ ಆರಂಭದಲ್ಲಿ ಟೆನ್‌ಕಿಲ್ಲರ್ ಅಣೆಕಟ್ಟು ಕಟ್ಟಿದ್ದಾರೆ. ರಾಲ್ಸ್ ಹುಟ್ಟಿದ ಸ್ಕ್ರೇಪರ್ ಎಂಬ ಊರು ಈ ನದಿಯ ಮೇಲ್ಭಾಗದಲ್ಲಿದೆ.

ಇಲ್ಲಿ ಯಾರೂ ಎತ್ತದ ಒಂದು ವಿಷಯವಿದೆ. ಬಿಲ್ಲಿಯ ಅಪ್ಪ ಬಡವ, ಆದರೂ ಜಮೀನಿದೆ. ಎಲ್ಲಿಂದ ಬಂತು? ಅಮ್ಮನಲ್ಲಿ ಚೆರೊಕೀ ಎಂಬ ಮೂಲನಿವಾಸಿ ಜನರ ರಕ್ತವಿರುವುದರಿಂದ ಅವಳ ಪಾಲಿಗೆ ಬಂತೆಂದು ಕಾದಂಬರಿಯೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಆ ಒಂದು ಸಾಲಿನ ಹಿಂದೆ ದೊಡ್ಡ ಚರಿತ್ರೆಯಿದೆ. 1838-39ರಲ್ಲಿ ಚೆರೊಕೀ ಜನರನ್ನು ಜಾರ್ಜಿಯಾ, ಟೆನೆಸೀ ಕಡೆಯ ಅವರ ನೆಲದಿಂದ ಸೈನ್ಯ ಬಳಸಿ ಎಬ್ಬಿಸಿ ಈ ಕಡೆಗೆ ನಡೆಸಿದರು. ಸಾವಿರಾರು ಜನ ಸತ್ತರು. ಉಳಿದವರು 1839ರಲ್ಲಿ ಟಾಲಕ್ವಾವನ್ನು ರಾಜಧಾನಿ ಮಾಡಿಕೊಂಡರು. ಇಡೀ ಜನಾಂಗದ ಸಾಮೂಹಿಕ ಭೂಮಿಯನ್ನು ಸರಕಾರ 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಆರಂಭದವರೆಗೆ ಪಟ್ಟಿ ಮಾಡಿ, ತುಂಡು ಮಾಡಿ, ತಲೆಗಿಷ್ಟೆಂದು ಹಂಚಿತು. 1907ರಲ್ಲಿ ಓಕ್ಲಹೋಮ ರಾಜ್ಯವಾಯಿತು. ಬಿಲ್ಲಿಯ ಮನೆ ನಿಂತಿರುವುದು ಅಂಥ ಒಂದು ತುಂಡಿನ ಮೇಲೆ. ರಾಲ್ಸ್ ಅವರದೂ ಅದೇ ಕಥೆ. ಅವರ ತಾಯಿಯ ಪಾಲಿಗೆ ಬಂದ ನೆಲದಲ್ಲೇ ಬೆಳೆದವರು.

ಟಾಲಕ್ವಾದ ಬೀದಿ ಫಲಕಗಳಲ್ಲಿ ಇಂಗ್ಲಿಷಿನ ಜೊತೆಗೆ ಚೆರೊಕೀ ಲಿಪಿಯೂ ಇದೆ. 1821ರ ಹೊತ್ತಿಗೆ ಸೆಕ್ವೋಯಾ ಎಂಬ ಒಬ್ಬನೇ ಮನುಷ್ಯ ರೂಪಿಸಿದ ಲಿಪಿ ಅದು, ಒಂದೊಂದು ಅಕ್ಷರಕ್ಕೆ ಒಂದೊಂದು ಉಚ್ಚಾರ. ಮೊದಲ ಸಲ ನೋಡಿದಾಗ ಕಾರು ನಿಲ್ಲಿಸಿ ಫಲಕದ ಫೋಟೋ ತೆಗೆದುಕೊಂಡೆ. ನಾಮಫಲಕದ ಜಗಳ ನೋಡಿ ಬೆಳೆದ ಕನ್ನಡಿಗನಿಗೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ ತಾನೇ.

ಒಗ್ಗರಣೆ:

ಒಳ್ಳೆಯ ಮಾಹಿತಿ. ಈಗ ನನ್ನ ಜಗಳ ಪುಸ್ತಕದ ದೇವರೊಂದಿಗೆ. ಅಮ್ಮನಿಗೆ ಮಕ್ಕಳನ್ನು ಪಟ್ಟಣಕ್ಕೆ ಕರೆದೊಯ್ದು ಓದಿಸುವ ಆಸೆ, ಅದಕ್ಕಾಗಿ ದಿನಾ ಪ್ರಾರ್ಥನೆ. ನಾಯಿಗಳು ಸ್ಪರ್ಧೆ ಗೆದ್ದು 300 ಡಾಲರಿಗೂ ಹೆಚ್ಚು ತರುತ್ತವೆ, ಚರ್ಮದ ದುಡ್ಡೂ ಸೇರುತ್ತದೆ, ಸ್ಥಳಾಂತರ ಸಾಧ್ಯವಾಗುತ್ತದೆ. ಆದರೆ ಪಟ್ಟಣದಲ್ಲಿ ಬೇಟೆನಾಯಿಗೆ ಜಾಗವಿಲ್ಲ, ಆದ್ದರಿಂದ ಬಿಲ್ಲಿಯನ್ನು ಅಜ್ಜನ ಮನೆಯಲ್ಲಿ ಬಿಡುವುದೆಂದು ಹಿರಿಯರು ಮಾತನಾಡಿಕೊಂಡಿರುತ್ತಾರೆ. ನಾಯಿಗಳು ಸತ್ತ ಮೇಲೆ ಅಪ್ಪ ಹೇಳುವುದು ಏನು? ಕುಟುಂಬ ಒಡೆಯದಿರಲೆಂದು ದೇವರೇ ಹೀಗೆ ಮಾಡಿದನಂತೆ. ಎರಡು ವರ್ಷ ಚಿಲ್ಲರೆ ಕೂಡಿಟ್ಟ ಹುಡುಗನ ಮುಂದೆ ಇದು ಒಳ್ಳೆಯ ವ್ಯವಹಾರವೇ? ದುಡಿಸಿಕೊಂಡು, ಮೊತ್ತ ತುಂಬಿದ ಮೇಲೆ ಲೆಕ್ಕ ಚುಕ್ತಾ ಮಾಡಿದಂತಿದೆ.

ಕಾಫಿತೋಟ:

ಆ ಮಾತನ್ನು ಆಡುವವನು ಅಪ್ಪ, ಲೇಖಕನಲ್ಲ. ಸಾವಿನ ಮನೆಯಲ್ಲಿ ಹಿರಿಯರು ಏನಾದರೂ ಒಂದು ಹೇಳಲೇಬೇಕು. ಋಣ ಇದ್ದದ್ದೇ ಅಷ್ಟು ಎನ್ನುತ್ತೇವೆ ನಾವು. ಬಿಲ್ಲಿ ಅದನ್ನು ಕೂಡಲೇ ನುಂಗಿಕೊಳ್ಳುವುದೂ ಇಲ್ಲ.

ಒಗ್ಗರಣೆ:

ಕೊನೆಗೆ ನುಂಗಿಕೊಳ್ಳುತ್ತಾನಲ್ಲ ಸ್ವಾಮಿ. ನಾಯಿಗಳ ಗೋರಿಗಳ ನಡುವೆ ಹುಟ್ಟಿದ ಕೆಂಪು ಜರೀಗಿಡ ಕಂಡ ಕೂಡಲೇ ಎಲ್ಲರ ಮನಸ್ಸೂ ಹಗುರವಾಗುತ್ತದೆ. ಗಿಡ ಇಲ್ಲದಿದ್ದರೆ ಪುಸ್ತಕ ಇನ್ನೂ ಪ್ರಾಮಾಣಿಕವಾಗಿರುತ್ತಿತ್ತು.

ಸಸ್ಯಮಿತ್ರ:

ಗಿಡದ ಹೆಸರು ಬಂತು, ನಾನೂ ಬಂದೆ. ಹಿಮಪಾತದಲ್ಲಿ ದಾರಿ ತಪ್ಪಿ ಸತ್ತ ಇಬ್ಬರು ಮಕ್ಕಳ ನಡುವೆ ಕೆಂಪು ಜರೀಗಿಡ ಹುಟ್ಟಿತು, ಅದರ ಬೀಜ ಬಿತ್ತುವುದು ದೇವದೂತರಿಗೆ ಮಾತ್ರ ಸಾಧ್ಯ ಎಂಬುದು ಕಾದಂಬರಿಯಲ್ಲಿ ಬರುವ ದಂತಕಥೆ. ಹಳೆಯ ಇಂಡಿಯನ್, ಅಂದರೆ ಅಮೆರಿಕದ ಮೂಲನಿವಾಸಿಗಳ, ಕಥೆ ಎಂದಷ್ಟೇ ಇದೆ, ಯಾವ ಬುಡಕಟ್ಟಿನದೆಂದು ಇಲ್ಲ. ಮೊದಲ ತಕರಾರು: ಜರೀಗಿಡಕ್ಕೆ ಬೀಜವೇ ಇಲ್ಲ, ಎಲೆಯ ಅಡಿಯಲ್ಲಿ ಬೀಜಕಣಗಳಿರುತ್ತವೆ. ಎರಡನೆಯದು, ಬದುಕಿಡೀ ಕೆಂಪಗಿರುವ ಜರೀಗಿಡ ಒಝಾರ್ಕ್‌ನಲ್ಲಿಲ್ಲ. ಎಳೆಯ ಎಲೆ ಕೆಂಪಗೆ, ತಾಮ್ರದ ಬಣ್ಣಕ್ಕೆ ಬಂದು ಆಮೇಲೆ ಹಸಿರಾಗುವ ಜಾತಿಗಳಿವೆ. ಚೀನಾ, ಜಪಾನ್ ಮೂಲದ ಅಂಥ ಒಂದು ಗಿಡವನ್ನು ಅಮೆರಿಕದ ನರ್ಸರಿಗಳಲ್ಲಿ ಮಾರುತ್ತಾರೆ. ನಮ್ಮ ಪಶ್ಚಿಮ ಘಟ್ಟದಲ್ಲಿ ರಸ್ತೆ ಕಡಿದ ಧರೆಗಳಲ್ಲಿ ಬೆಳೆಯುವ ಬ್ಲೆಕ್ನಮ್ ಜಾತಿಯ ಚಿಗುರೂ ಕೆಂಪೇ. ಆ್ಯಂಥೋಸಯನಿನ್ ಎಂಬ ಬಣ್ಣದ್ರವ್ಯ ಎಳೆ ಎಲೆಗೆ ಬಿಸಿಲಿನಿಂದ ರಕ್ಷಣೆ ಕೊಡುತ್ತದೆ. ಮಗಳಿಗೆ ತೋರಿಸಬೇಕೆಂದರೆ ನರ್ಸರಿಯಲ್ಲಿ ವಸಂತದಲ್ಲಿ ಕೇಳಿ. ಬಿಲ್ಲಿ ಕಂಡದ್ದೂ ವಸಂತದಲ್ಲೇ, ಆ ಮಟ್ಟಿಗೆ ರಾಲ್ಸ್ ಸರಿ.

ನಿವೃತ್ತ ಮೇಷ್ಟ್ರು:

ಪುಸ್ತಕ ಹುಟ್ಟಿದ ಕಥೆಯನ್ನೂ ಮಗಳಿಗೆ ಹೇಳಿ, ಅದು ಮಕ್ಕಳಿಗೆ ಇಷ್ಟವಾಗುತ್ತದೆ. ರಾಲ್ಸ್ ಹುಟ್ಟಿದ್ದು 1913ರಲ್ಲಿ. ಹತ್ತಿರದಲ್ಲಿ ಶಾಲೆ ಇರಲಿಲ್ಲ, ತಾಯಿಯೇ ಅಂಚೆಯಲ್ಲಿ ಪುಸ್ತಕ ತರಿಸಿ ಓದಿ ಹೇಳುತ್ತಿದ್ದರು. ಕಥೆಗಳೆಂದರೆ ಹೆಣ್ಣುಮಕ್ಕಳಿಗೆ ಮಾತ್ರ ಎಂದುಕೊಂಡಿದ್ದ ಹುಡುಗನಿಗೆ ಒಂದು ದಿನ ಜ್ಯಾಕ್ ಲಂಡನ್‌ನ ‘ದ ಕಾಲ್ ಆಫ್ ದ ವೈಲ್ಡ್’ ಸಿಕ್ಕಿತು. ನಾಯಿಯ ಕಥೆ. ತಾನೂ ಇಂಥದ್ದೊಂದು ಬರೆಯಬೇಕು ಎಂದುಕೊಂಡ. ಬೆಳೆದು ಬಡಗಿಯಾದ, ಮೆಕ್ಸಿಕೋ, ಕೆನಡಾ, ಅಲಾಸ್ಕ ಎಂದು ಕೆಲಸ ಸಿಕ್ಕಲ್ಲಿಗೆ ಹೋದ, ಜೈಲನ್ನೂ ಕಂಡುಬಂದ. ಬರೆದದ್ದನ್ನೆಲ್ಲ ಟ್ರಂಕಿನಲ್ಲಿ ಬಚ್ಚಿಟ್ಟ. ಕಾಗುಣಿತ, ವಿರಾಮಚಿಹ್ನೆ ಯಾವುದೂ ಬಾರದೆಂಬ ನಾಚಿಕೆ. 1958ರಲ್ಲಿ ಸೋಫಿ ಎಂಬವರನ್ನು ಮದುವೆಯಾಗುವ ಮುನ್ನ ಎಲ್ಲವನ್ನೂ ಸುಟ್ಟುಹಾಕಿದ.

ವಿಷಯ ತಿಳಿದ ಹೆಂಡತಿ ಮತ್ತೆ ಬರೆ ಎಂದು ಹಠ ಹಿಡಿದರು. ಮೂರು ವಾರದಲ್ಲಿ, ಒಂದು ಚಿಹ್ನೆಯೂ ಇಲ್ಲದೆ, ನೆನಪಿನಿಂದಲೇ ಈ ಕಥೆಯನ್ನು ಬರೆದು ಅವರ ಕೈಗಿಟ್ಟು, ಓದುವುದನ್ನು ನೋಡಲಾರದೆ ಮನೆಯಿಂದ ಹೊರಗೆ ಹೋಗಿಬಿಟ್ಟರಂತೆ. ತಿದ್ದಿದವರು ಸೋಫಿ. ಮೊದಲು ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ, ಅದೇ 1961ರಲ್ಲಿ ಪುಸ್ತಕವಾಗಿ ಬಂತು. ಮೊದಮೊದಲು ಮಾರಾಟವೇ ಆಗಲಿಲ್ಲ, ಪ್ರಕಾಶಕರು ದೊಡ್ಡವರ ಪುಸ್ತಕವೆಂದು ಮಾರಲು ಹೊರಟಿದ್ದರು. ಶಿಕ್ಷಕರು, ಗ್ರಂಥಪಾಲಕರ ಕೈಗೆ ಸಿಕ್ಕಿದ ಮೇಲೆ ಮಕ್ಕಳಿಗೆ ತಲುಪಿತು. ಅವರು ವಾಸವಿದ್ದ ಐಡಹೋ ಫಾಲ್ಸ್ ಊರಿನ ಗ್ರಂಥಾಲಯದ ಮುಂದೆ ಈಗ ಬಿಲ್ಲಿ ಮತ್ತು ಎರಡು ನಾಯಿಗಳ ಪ್ರತಿಮೆ ಇದೆ.

ಮುಧೋಳಿಗ:

ಚಲನಚಿತ್ರ ತೋರಿಸುವ ಯೋಚನೆ ಇದ್ದರೆ 1974ರದ್ದು ತೋರಿಸಿ. 2003ರದ್ದೂ ಇದೆ, ನನಗೆ ಹಿಡಿಸಲಿಲ್ಲ. ಎರಡರಲ್ಲೂ ನಾಯಿಗಳು ಚೆನ್ನಾಗಿ ನಟಿಸಿವೆ.

ಡಲ್ಲಾಸ್ ಅಮ್ಮ:

ಎಲ್ಲರಿಗೂ ವಂದನೆಗಳು. ಕೊನೆಯನ್ನು ಹೇಳಲಿಲ್ಲ. ಮೇಷ್ಟ್ರ ಮಾತಿನಂತೆ ರೂಬಿನ್ ಅಧ್ಯಾಯದ ದಿನ ಮಾತ್ರ ಪಕ್ಕದಲ್ಲಿ ಕುಳಿತಿದ್ದೆ. ಮಾವನವರೂ ಇದ್ದರು. ಕೊಡಲಿಯ ಪುಟ ಮುಗಿದ ಮೇಲೆ ಮಗಳು ಪುಸ್ತಕ ಮಡಿಚಿ, “ಅಜ್ಜ, ಎರಡು ಡಾಲರ್ ಕೊಟ್ಟದ್ದು ಬಿಲ್ಲಿಯ ಅಜ್ಜ ತಾನೇ? ಹಾಗಾದರೆ ತಪ್ಪು ಅವನದೂ ಇದೆ” ಎಂದಳು. ಅಷ್ಟು ದಿನ ಪುಸ್ತಕವನ್ನೇ ಬೈಯುತ್ತಿದ್ದ ಮಾವನವರು ಆ ಮುದುಕನ ವಕಾಲತ್ತು ವಹಿಸಿಕೊಂಡುಬಿಟ್ಟರು. ಮೊಮ್ಮಗನನ್ನು ಹೀಯಾಳಿಸಿದರೆ ಯಾವ ಅಜ್ಜ ಸುಮ್ಮನಿರುತ್ತಾನೆ, ಅವನಿಗೇನು ಕನಸು ಬಿದ್ದಿತ್ತೇ ಎಂದು ಒಂದೇ ಸಮನೆ ವಾದ. ಅಜ್ಜ ತಾನೇ ತಪ್ಪು ಒಪ್ಪಿಕೊಳ್ಳುತ್ತಾನೆ ಎಂದು ಅವಳು ಮುಂದಿನ ಪುಟ ತೋರಿಸಿದಳು. ಒಪ್ಪಿಕೊಳ್ಳುವುದು ಅವನ ದೊಡ್ಡತನ ಎಂದರು ಇವರು. ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ.

ಕೊನೆಯ ಅಧ್ಯಾಯಕ್ಕೆ ಅತ್ತಳು. ರಾತ್ರಿ ಏನೂ ಬೇಡವೆಂದು ಮಲಗಿದವಳು ಸ್ವಲ್ಪ ಹೊತ್ತಿಗೆ ಎದ್ದು ಬಂದು ಮೊಸರನ್ನ ತಿಂದಳು. ಒಗ್ಗರಣೆಯವರ ಪ್ರಶ್ನೆಯನ್ನು ನಾನು ಅವಳಿಗೆ ಕೇಳಿರಲಿಲ್ಲ, ಅವಳೇ ಎತ್ತಿದಳು: ಬಿಲ್ಲಿಯನ್ನು ಬಿಟ್ಟುಹೋಗುವ ವಿಷಯವನ್ನು ಅವನಿಗೆ ಮೊದಲು ಹೇಳದೆ, ನಾಯಿ ಸತ್ತ ಮೇಲೆ ಏಕೆ ಹೇಳಿದರು? ಅವಳಿಗೆ ಸಿಟ್ಟು ಬಂದದ್ದು ದೇವರ ಮೇಲಲ್ಲ, ಅಪ್ಪ ಅಮ್ಮನ ಮೇಲೆ. ಶಾಲೆಯಲ್ಲಿ ಪಾತ್ರವೊಂದು ಇನ್ನೊಂದಕ್ಕೆ ಪತ್ರ ಬರೆಯುವ ಅಭ್ಯಾಸ ಕೊಟ್ಟಿದ್ದಾರೆ. ರೈನಿಯಿಂದ ಬಿಲ್ಲಿಯ ಅಜ್ಜನಿಗೆ ಎಂದು ಬರೆಯುತ್ತಿದ್ದಾಳೆ, ನನಗೆ ತೋರಿಸುತ್ತಿಲ್ಲ.

ಮಾವನವರ ಪ್ರಶ್ನೆ ಇನ್ನೂ ಒಂದಿದೆ: ಈ ಲೇಖಕರು ಆ ಪ್ರಿಚರ್ಡ್ ಮನೆಯವರ ಬಗ್ಗೆ ಮುಂದೆ ಏನಾದರೂ ಬರೆದರೇ?

ನಿವೃತ್ತ ಮೇಷ್ಟ್ರು:

ಇಲ್ಲ. ಇನ್ನು ಬರೆದದ್ದು ಒಂದೇ ಕಾದಂಬರಿ, 1976ರ ‘ಸಮ್ಮರ್ ಆಫ್ ದ ಮಂಕೀಸ್’. ಸರ್ಕಸ್ಸಿನಿಂದ ತಪ್ಪಿಸಿಕೊಂಡು ಬಂದ ಕೋತಿಗಳನ್ನು ಹಿಡಿದು ಬಹುಮಾನ ಗಿಟ್ಟಿಸಲು ಒದ್ದಾಡುವ ಹುಡುಗನ ಕಥೆ, ಬಹುಪಾಲು ನಗುವಿನದು. ಮಾವನವರಿಗೆ ಹೇಳಿ, ಅದರಲ್ಲೂ ಅಂಗಡಿ ಇಟ್ಟುಕೊಂಡ ಅಜ್ಜ ಒಬ್ಬನಿದ್ದಾನೆ, ಮೊಮ್ಮಗನಿಗೆ ಉಪಾಯ ಹೇಳಿಕೊಡುವುದೇ ಅವನ ಕಸುಬು.

ಡಲ್ಲಾಸ್ ಅಮ್ಮ:

ಗ್ರಂಥಾಲಯದಲ್ಲಿ ಕಾಯ್ದಿರಿಸಿದೆ. ನಮಗಿಂತ ಮುಂದೆ ಸರದಿಯಲ್ಲಿ ಇನ್ನೊಬ್ಬರಿದ್ದಾರೆ. ಮಾವನವರ ಟಿಕೆಟ್ ಮುಂದಿನ ತಿಂಗಳ ಕೊನೆಗೆ, ಅಷ್ಟರೊಳಗೆ ಸಿಗಬಹುದು.